ಹೆಂಡತಿಗೊಂದು ಪಿಸ್ತೂಲು, ಆರಿಸುವವನು ಗಂಡ

"ಹೆಂಗಸರಿಗೆ ಯಾವ ಪಿಸ್ತೂಲು ಒಳ್ಳೇದು?"

ಈ ಪ್ರಶ್ನೆಯನ್ನು ಕಳೆದ ಎರಡು ವರ್ಷಗಳಲ್ಲಿ ನಾಲ್ಕೈದು ಸಲವಾದರೂ ಕೇಳಿಸಿಕೊಂಡಿದ್ದೇನೆ. ಒಂದು ಸಲವೂ ಕೇಳಿದವರು ಹೆಂಗಸರಲ್ಲ. ನಮ್ಮ ಪಿರಿಯಾಪಟ್ಟಣದ ಕಡೆ ಶುಂಠಿಯಲ್ಲೋ ಹೊಗೆಸೊಪ್ಪಿನಲ್ಲೋ ನಾಲ್ಕು ಕಾಸು ಕಂಡವರು, ಊರಾಚೆ ತೋಟದಲ್ಲಿ ಮನೆ ಕಟ್ಟಿಕೊಂಡವರು, ವ್ಯಾಪಾರವೆಂದು ವಾರಗಟ್ಟಲೆ ಹೊರಗಿರುವವರು ಈ ಮಾತು ತೆಗೆಯುತ್ತಾರೆ. ಮನೆಯಲ್ಲಿ ಹೆಂಡತಿ ಒಬ್ಬಳೇ ಇರುತ್ತಾಳೆ, ಕಾಲ ಕೆಟ್ಟಿದೆ, ಅವಳ ಹೆಸರಿಗೊಂದು ಲೈಸೆನ್ಸ್ ಮಾಡಿಸೋಣ ಅಂತಿದೀನಿ, ಸಣ್ಣದಾಗಿ ಹಗುರವಾಗಿ ಯಾವುದಾದರೂ ಇದೆಯಾ ಎನ್ನುತ್ತಾರೆ.

ನನ್ನನ್ನು ಕೇಳುವುದಕ್ಕೆ ಕಾರಣ ದೊಡ್ಡದೇನಲ್ಲ. ಪದವಿ ಓದುವಾಗ ಎನ್‌ಸಿಸಿಯಲ್ಲಿದ್ದೆ, ಪಾಯಿಂಟ್ ಟೂ ಟೂ ರೈಫಲ್ ಹೊಡೆದಿದ್ದೆ. ಆಮೇಲೆ ಕೆಲವು ಕಾಲ ಏರ್ ಪಿಸ್ತೂಲಿನ ಅಭ್ಯಾಸಕ್ಕೂ ಹೋಗುತ್ತಿದ್ದೆ. ಈಗ ನನ್ನ ಪಿಎಚ್‌ಡಿಯ ವಿಷಯ ಹಳೇ ಮೈಸೂರು ಸೀಮೆಯ ಸ್ಥಳಕಥೆಗಳು. ಅವುಗಳಲ್ಲಿ ಆಯುಧ ಯಾರ ಕೈಯಲ್ಲಿರುತ್ತದೆ ಎಂಬುದನ್ನು ನೋಡುತ್ತಾ ಕೂತಿರುವವಳು ನಾನು. ಹಾಗಾಗಿ ನಮ್ಮ ನೆಂಟರಿಷ್ಟರಲ್ಲಿ ನಾನು 'ಕೋವಿ ಗೊತ್ತಿರೋ ಹುಡುಗಿ'.

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಪ್ರಶ್ನೆಯನ್ನೇ ತಿದ್ದಬೇಕು ಎಂಬುದು ನನ್ನ ವಾದ. ಪಿಸ್ತೂಲು ಹಿಡಿಯಬೇಕಾದವಳು ಅವಳಾದರೆ, ಆರಿಸಬೇಕಾದವಳೂ ಅವಳೇ. ಆ ಆಯ್ಕೆಯಲ್ಲಿ 'ಇದು ಬೇಡ, ಅದು ಬೇಕು' ಎನ್ನುವುದರ ಜೊತೆಗೆ 'ಪಿಸ್ತೂಲೇ ಬೇಡ' ಎನ್ನುವುದೂ ಸೇರಿರಬೇಕು. ಗಂಡ ಆರಿಸಿ ತಂದುಕೊಟ್ಟ ಪಿಸ್ತೂಲು ಕೈಗೂ ಹೊಂದುವುದಿಲ್ಲ, ಕಾನೂನಿಗೂ ಹೊಂದುವುದಿಲ್ಲ, ಮನೆಯ ಕ್ಷೇಮಕ್ಕೂ ಹೊಂದುವುದಿಲ್ಲ. ಈ ಮೂರನ್ನೂ ಒಂದೊಂದಾಗಿ ಹೇಳುತ್ತೇನೆ.

ಮೊದಲು ಕೈಯ ಮಾತು. ಇದರಲ್ಲಿ ನಮ್ಮೂರ ಗಂಡಂದಿರನ್ನು ಮಾತ್ರ ಬೈದು ಪ್ರಯೋಜನವಿಲ್ಲ, ಸರಕಾರವೇ ಅವರಿಗೆ ದಾರಿ ತೋರಿಸಿದೆ. 2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರ ಇಡೀ ದೇಶವನ್ನು ಬೀದಿಗೆ ತಂದಿತು. ಅದಾಗಿ ಒಂದು ವರ್ಷಕ್ಕೆ, 2014ರ ಜನವರಿಯಲ್ಲಿ, ಕಾನ್ಪುರದ ಸರಕಾರಿ ಫೀಲ್ಡ್ ಗನ್ ಫ್ಯಾಕ್ಟರಿ 'ನಿರ್ಭೀಕ್' ಎಂಬ ಪಾಯಿಂಟ್ ತ್ರೀ ಟೂ ರಿವಾಲ್ವರನ್ನು ಹೊರತಂದಿತು. ಭಾರತದ ಮೊದಲ ಹೆಂಗಸರ ಕೋವಿ ಎಂದು ಅದನ್ನು ಹೊಗಳಲಾಯಿತು. ಟೈಟಾನಿಯಂ ಮಿಶ್ರಲೋಹದ ಮೈ, ಸುಮಾರು 500 ಗ್ರಾಂ ತೂಕ, ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಯುವ ಗಾತ್ರ, ಒಡವೆ ಪೆಟ್ಟಿಗೆಯಂಥ ಕೆಂಗಂದು ಬಣ್ಣದ ಡಬ್ಬಿ. ಬೆಲೆ 1,22,360 ರೂಪಾಯಿ. ಮಣಿಪುರದಲ್ಲಿ ಕೋವಿಗೆ ಗಂಡನನ್ನೋ ಮಗನನ್ನೋ ಕಳೆದುಕೊಂಡ ಹೆಂಗಸರನ್ನು ಸಂಘಟಿಸಿದ ಬೀನಾಲಕ್ಷ್ಮಿ ನೇಪ್ರಮ್ ಇದನ್ನು ಬಹಿರಂಗವಾಗಿ ವಿರೋಧಿಸಿದರು. ಹೆಂಗಸರ ರಕ್ಷಣೆಯ ಹೊಣೆ ಹೊರಬೇಕಾದ ಸರಕಾರ ಆ ಹೊಣೆಯನ್ನು ಒಂದೂಕಾಲು ಲಕ್ಷಕ್ಕೆ ಅವರಿಗೇ ಮಾರುತ್ತಿದೆ ಎಂದು ಯಾರಿಗಾದರೂ ಅನ್ನಿಸುವಂಥದ್ದೇ ಅದು.

ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಆ 500 ಗ್ರಾಂ. ಹೆಂಗಸು ಎಂದರೆ ಹಗುರ, ಹಗುರ ಎಂದರೆ ಸುಲಭ ಎಂಬ ಲೆಕ್ಕ ಅದರಲ್ಲಿದೆ. ಕೋವಿಯ ಲೆಕ್ಕ ಇದಕ್ಕೆ ತದ್ವಿರುದ್ಧ. ಗುಂಡು ಮುಂದಕ್ಕೆ ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಒಂದೇ ತೋಟಾವನ್ನು ಒಂದು ಕೆ.ಜಿ.ಯ ಕೋವಿಯಲ್ಲೂ ಅರ್ಧ ಕೆ.ಜಿ.ಯ ಕೋವಿಯಲ್ಲೂ ಹೊಡೆದು ನೋಡಿ. ಅರ್ಧ ಕೆ.ಜಿ.ಯದರಲ್ಲಿ ಕೈಗೆ ಬರುವ ಒದೆತದ ಶಕ್ತಿ ಎರಡರಷ್ಟು. ಭಾರವೇ ಒದೆತವನ್ನು ನುಂಗುವುದು. ಪಾಯಿಂಟ್ ತ್ರೀ ಟೂ ಅಂಥ ಭಾರಿ ಒದೆತದ ತೋಟಾ ಅಲ್ಲ, ಒಪ್ಪುತ್ತೇನೆ. ಆದರೆ ಮೊದಲ ಸಲ ಕೈಯಲ್ಲಿ ಹಿಡಿದವಳಿಗೆ ಆ ಸದ್ದು, ಆ ಬೆಂಕಿ, ಆ ಜರ್ಕು ಮೂರೂ ಒಟ್ಟಿಗೆ ಬಂದಾಗ ಏನಾಗುತ್ತದೆ? ಎರಡನೇ ಗುಂಡಿಗೆ ಟ್ರಿಗರ್ ಎಳೆಯುವ ಮೊದಲೇ ಕೈ ಬೆಚ್ಚುತ್ತದೆ, ಕಣ್ಣು ಮುಚ್ಚುತ್ತದೆ. ಈ ಬೆಚ್ಚುವಿಕೆ ಒಮ್ಮೆ ಕೈಗೆ ಅಂಟಿಕೊಂಡರೆ ಬಿಡಿಸುವುದಕ್ಕೆ ತಿಂಗಳುಗಳು ಬೇಕು.

ಇನ್ನು ಗಾತ್ರ. ನಳಿಗೆ ಗಿಡ್ಡವಾದಷ್ಟೂ ಮುಂದಿನ ಗುರಿಮೊನೆಗೂ ಹಿಂದಿನದಕ್ಕೂ ನಡುವಿನ ಅಂತರ ಕಮ್ಮಿ. ಆ ಅಂತರ ಕಮ್ಮಿಯಾದಷ್ಟೂ ಕೈಯ ಸಣ್ಣ ಅಲುಗಾಟ ಗುರಿಯ ಹತ್ತಿರ ದೊಡ್ಡ ತಪ್ಪಾಗುತ್ತದೆ. ಪುಟ್ಟ ಹಿಡಿಯಲ್ಲಿ ಕಿರುಬೆರಳಿಗೆ ಜಾಗವಿರುವುದಿಲ್ಲ. ರಿವಾಲ್ವರಿನ ಕುದುರೆಯನ್ನು ಹೆಬ್ಬೆರಳಿನಲ್ಲಿ ಎಳೆದಿಡದೆ ಹೊಡೆಯುವುದಾದರೆ ಟ್ರಿಗರಿನ ಎಳೆತ ಉದ್ದ, ಗಟ್ಟಿ. ಪಳಗದ ತೋರುಬೆರಳು ಅದನ್ನು ಎಳೆದು ಮುಗಿಸುವಷ್ಟರಲ್ಲಿ ನಳಿಗೆಯ ತುದಿ ಬೇರೆ ಕಡೆ ತಿರುಗಿರುತ್ತದೆ. ಗಿಡ್ಡ, ಹಗುರ ರಿವಾಲ್ವರ್ ವರ್ಷಗಟ್ಟಲೆ ಅಭ್ಯಾಸ ಮಾಡಿದವರ ಕೈಗೆ ಸರಿ. ಕಲಿಯುವವರಿಗೆ ಅದು ಎಲ್ಲಕ್ಕಿಂತ ಕಷ್ಟದ ಪಿಸ್ತೂಲು. ಅದನ್ನೇ ನಾವು ಏನೂ ಕಲಿಯದವಳಿಗೆ ಮೊದಲ ಪಿಸ್ತೂಲೆಂದು ಕೊಡುತ್ತೇವೆ. ಅವಳು ನಾಲ್ಕು ಗುಂಡು ಹೊಡೆದು, ನಾಲ್ಕೂ ಗುರಿ ತಪ್ಪಿ, ಕೈ ನೊಂದು ಕೆಳಗಿಟ್ಟರೆ, "ನೋಡಿದ್ರಾ, ಹೆಂಗಸರಿಗೆ ಇದೆಲ್ಲ ಆಗಲ್ಲ" ಎನ್ನುತ್ತೇವೆ.

ಗುರಿಯ ಆಟ ಬಲ್ಲವರು ಇಂಥ ಭೇದ ಮಾಡುವುದಿಲ್ಲ. ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಹೆಂಗಸರಿಗೂ ಗಂಡಸರಿಗೂ ಒಂದೇ ನಿಯಮ. ಪಿಸ್ತೂಲಿನ ತೂಕ 1500 ಗ್ರಾಂ ಮೀರಬಾರದು, ಟ್ರಿಗರಿನ ಎಳೆತ 500 ಗ್ರಾಂಗಿಂತ ಕಮ್ಮಿ ಇರಬಾರದು, ಅದೇ ಗುರಿಹಲಗೆ, ಅದೇ 60 ಗುಂಡು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಒಂದು ಕಂಚನ್ನು ಒಬ್ಬಳೇ ಗೆದ್ದಳು, ಇನ್ನೊಂದನ್ನು ಸರಬ್‌ಜೋತ್ ಸಿಂಗ್ ಜೊತೆ ಸೇರಿ ಗೆದ್ದಳು. ಆ ಜೋಡಿಯಲ್ಲಿ ಅವಳಿಗೆಂದು ಸಣ್ಣ ಪಿಸ್ತೂಲನ್ನು ಯಾರೂ ಕೊಡಲಿಲ್ಲ. ಆ ಪಿಸ್ತೂಲುಗಳಲ್ಲಿ ಹಿಡಿಯನ್ನು ಮಾತ್ರ ಹಿಡಿಯುವವರ ಅಂಗೈಗೆ ತಕ್ಕ ಹಾಗೆ ಕೆತ್ತಿಕೊಳ್ಳುತ್ತಾರೆ, ಉಜ್ಜಿಕೊಳ್ಳುತ್ತಾರೆ. ಹೆಣ್ಣಿನ ಕೈ, ಗಂಡಿನ ಕೈ ಎಂಬ ಅಳತೆ ಅಲ್ಲಿಲ್ಲ, ಇರುವುದು ಇವಳ ಕೈ, ಇವನ ಕೈ ಎಂಬ ಅಳತೆ.

ಉತ್ತರ ಪ್ರದೇಶದ ಬಾಗ್‌ಪತ್ ಜಿಲ್ಲೆಯ ಜೋಹ್ರಿ ಹಳ್ಳಿಯ ಚಂದ್ರೋ ತೋಮರ್ ಕಥೆ ನಿಮಗೆ ಗೊತ್ತಿರಬಹುದು, ಅವರ ಮೇಲೆ 2019ರಲ್ಲಿ ಹಿಂದಿ ಸಿನಿಮಾ ಬಂತು. ಅರವತ್ತು ದಾಟಿದ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಊರಿನ ರೈಫಲ್ ಕ್ಲಬ್ಬಿಗೆ ಹೋದವರು ತಾವೇ ಪಿಸ್ತೂಲು ಎತ್ತಿಕೊಂಡರು. ಮನೆಯ ಗಂಡಸರಿಗೆ ತಿಳಿಯದ ಹಾಗೆ ಅಭ್ಯಾಸ ಮಾಡಿದರು. ತೋಳು ಅಲುಗಬಾರದೆಂದು ನೀರು ತುಂಬಿದ ಜಗ್ ಹಿಡಿದು ನಿಲ್ಲುತ್ತಿದ್ದರು. 2021ರಲ್ಲಿ ತೀರಿಕೊಳ್ಳುವ ಹೊತ್ತಿಗೆ ದೇಶವೇ ಅವರನ್ನು 'ಶೂಟರ್ ದಾದಿ' ಎಂದು ಕರೆಯುತ್ತಿತ್ತು. ಅವರಿಗೆ ಗಂಡ ಪಿಸ್ತೂಲು ಆರಿಸಿ ಕೊಟ್ಟಿದ್ದರೆ ಅವರು ಏನಾಗುತ್ತಿದ್ದರು ಎಂದು ಒಮ್ಮೆ ಯೋಚಿಸಿ.

ಹಾಗಾದರೆ ಏನೂ ಗೊತ್ತಿಲ್ಲದವಳು ಎಲ್ಲಿಂದ ಶುರು ಮಾಡಬೇಕು? ಅವಳಿಗೇ ಮನಸ್ಸಿದ್ದರೆ, ಏರ್ ಪಿಸ್ತೂಲಿನಿಂದ. ಗುರಿ ಅಭ್ಯಾಸದ ಪಾಯಿಂಟ್ ಒನ್ ಸೆವೆನ್ ಸೆವೆನ್ ಏರ್ ಪಿಸ್ತೂಲಿನ ಶಕ್ತಿ 20 ಜೂಲ್ ಮೀರದಿದ್ದರೆ ಲೈಸೆನ್ಸೂ ಬೇಕಿಲ್ಲ. ಒದೆತ ಇಲ್ಲವೆನ್ನುವಷ್ಟು ಕಮ್ಮಿ. ನಿಲ್ಲುವುದು, ಉಸಿರು ಹಿಡಿಯುವುದು, ಟ್ರಿಗರನ್ನು ಜಗ್ಗದೆ ಒತ್ತುವುದು ಇಷ್ಟನ್ನೂ ಅದರಲ್ಲೇ ಕಲಿಯಬಹುದು. ಆಮೇಲೆ ರೇಂಜಿನಲ್ಲಿ, ಕಲಿಸುವವರ ಎದುರಿಗೆ, ಕಿವಿಗೆ ಮಫ್ ಹಾಕಿ, ಕಣ್ಣಿಗೆ ಕನ್ನಡಕ ಹಾಕಿ ಪಾಯಿಂಟ್ ಟೂ ಟೂ. ಸ್ವಲ್ಪ ಭಾರವಿರುವುದು, ನಳಿಗೆ ಉದ್ದವಿರುವುದು. ಅದು ಕೈಗೆ ಕೂತ ಮೇಲೆ ಬೇರೆ ಬೇರೆ ಪಿಸ್ತೂಲು ಹಿಡಿದು ನೋಡಬೇಕು. ಮುಂಗೈಯ ನೇರಕ್ಕೆ ನಳಿಗೆ ಬರುವ ಹಾಗೆ ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರಿಗೆ ಸರಾಗವಾಗಿ ತಲುಪುತ್ತದೆಯೇ? ಪಿಸ್ತೂಲಾದರೆ ಅದರ ಸ್ಲೈಡನ್ನು ಯಾರ ಸಹಾಯವೂ ಇಲ್ಲದೆ ತಾನೇ ಹಿಂದಕ್ಕೆ ಎಳೆಯಬಲ್ಲಳೇ? ತೋಟಾ ಒಳಗಿದೆಯೋ ಇಲ್ಲವೋ ಎಂದು ತಾನೇ ತೆರೆದು ನೋಡಬಲ್ಲಳೇ? ಅವಳ ಗುರಿಗಣ್ಣು ಬಲದ್ದೋ ಎಡದ್ದೋ? ಬಲಗೈಯವರಿಗೂ ಎಡಗಣ್ಣು ಗುರಿಗಣ್ಣಾಗಿರಬಹುದು. ಈ ಪ್ರಶ್ನೆಗಳಿಗೆ ಉತ್ತರ ಅವಳ ಮೈಯಲ್ಲಿದೆ. ಅಂಗಡಿಯಲ್ಲಿ ನಿಂತ ಗಂಡ ಊಹಿಸಿ ಹೇಳುವಂಥದ್ದಲ್ಲ.

ಕಲಿಸುವವನೂ ಗಂಡನಾಗಬಾರದು ಎಂದು ನಾನು ಹೇಳಿದರೆ ಅನೇಕರಿಗೆ ಸಿಟ್ಟು ಬರುತ್ತದೆ. ಹೆಂಡತಿಗೆ ಕಾರು ಕಲಿಸಲು ಹೋದ ಗಂಡಂದಿರನ್ನು ಕೇಳಿ, ಅಥವಾ ಅವರ ಪಕ್ಕ ಕೂತಿದ್ದ ಹೆಂಡತಿಯರನ್ನು ಕೇಳಿ. ಎರಡನೇ ತಿರುವಿಗೆ ಬೈಗುಳ ಶುರುವಾಗಿರುತ್ತದೆ. ಪಿಸ್ತೂಲು ಕಲಿಯುವವಳಿಗೆ ಮೊದಲು ಬೇಕಾದದ್ದು 'ನನಗೆ ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳಿ' ಎನ್ನುವ ಧೈರ್ಯ. ಎಲ್ಲ ಗೊತ್ತಿದೆ ಎನ್ನುವವನ ಎದುರು ಅದು ಹುಟ್ಟುವುದಿಲ್ಲ.

ಎರಡನೆಯದು ಕಾನೂನು. ನಮ್ಮ ಗಂಡಸರು ಸಿನಿಮಾದಿಂದಲೋ ಅಮೆರಿಕದ ವಿಡಿಯೊಗಳಿಂದಲೋ ಕಲಿತ ಒಂದು ಭ್ರಮೆ ಇದೆ: ಪಿಸ್ತೂಲನ್ನು ಹೆಂಡತಿಗೆ ಸೀರೆಯ ಹಾಗೆ ಉಡುಗೊರೆ ಕೊಡಬಹುದು ಎಂದು. 1959ರ ಆಯುಧ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇರುವುದು ವ್ಯಕ್ತಿಗೆ, ಮನೆಗಲ್ಲ. ಗಂಡನ ಹೆಸರಿನ ಕೋವಿಯನ್ನು ಲೈಸೆನ್ಸ್ ಇಲ್ಲದ ಇನ್ನೊಬ್ಬರು ಒಯ್ಯಬಹುದಾದದ್ದು ಅವನ ಎದುರಿನಲ್ಲಿ ಅಥವಾ ಅವನ ಲಿಖಿತ ಒಪ್ಪಿಗೆಯ ಮೇಲೆ, ಅದೂ ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ ಅಥವಾ ಅವನದೇ ಬಳಕೆಗೆ. ಅಂದರೆ ಅವನು ವ್ಯಾಪಾರಕ್ಕೆ ಹೋಗಿ ಅವಳೊಬ್ಬಳೇ ಇರುವ ರಾತ್ರಿಗೆ ಆ ಪಿಸ್ತೂಲು ಅವಳದಾಗುವುದಿಲ್ಲ. ಅವಳ ರಕ್ಷಣೆಗೆಂದು ತಂದದ್ದು ಅವಳನ್ನೇ ಆರೋಪಿ ಮಾಡಬಹುದು.

ಅವಳದಾಗಬೇಕಾದರೆ ಅರ್ಜಿ ಅವಳದಿರಬೇಕು. ಜಿಲ್ಲಾಧಿಕಾರಿಗೆ ಅವಳು ಕಾರಣ ಹೇಳಬೇಕು. ಪೊಲೀಸರು ವಿಚಾರಿಸುವಾಗ ಅವಳು ಉತ್ತರಿಸಬೇಕು. 2016ರ ಆಯುಧ ನಿಯಮಗಳು ಕೇಳುವ ಸುರಕ್ಷತಾ ತರಬೇತಿಯನ್ನು ಅವಳು ಪಡೆದಿರಬೇಕು. ಸಿಗುವುದೂ ಬೇಕಾದದ್ದಲ್ಲ, 9 ಎಂಎಂ ಮೊದಲಾದ ಸೇನೆಯ ಬೋರುಗಳು ಜನಸಾಮಾನ್ಯರಿಗೆ ನಿಷಿದ್ಧ. ಇಷ್ಟೂ ಹೆಜ್ಜೆಯಲ್ಲಿ ಕಾನೂನು ಕೇಳುತ್ತಿರುವುದು ಅವಳನ್ನು. ಕೇಳದಿರುವುದು ಮನೆಯವರು ಮಾತ್ರ.

ನಮ್ಮ ತಾಲ್ಲೂಕುಗಳಲ್ಲಿ ಕೋವಿ ಹೊಸ ವಸ್ತುವಲ್ಲ ಎಂಬುದನ್ನೂ ನೆನಪಿಸಬೇಕು. ನಾಗರಹೊಳೆಯ ಅಂಚಿನ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯಲ್ಲಿ ಬೆಳೆ ಕಾಯುವುದಕ್ಕೆಂದು ತಲೆಮಾರುಗಳಿಂದ ಕೇಪಿನ ಕೋವಿಗಳಿವೆ. ಬೆಳೆ ರಕ್ಷಣೆಗೆ ಮುಂದಿನಿಂದ ಮದ್ದು ತುಂಬುವ ಕೋವಿ ಎಂದು ಕಾಯ್ದೆಯ 13ನೇ ಸೆಕ್ಷನ್ನಿನಲ್ಲೇ ಇದೆ. ಪ್ರತಿ ಚುನಾವಣೆಗೂ ಅವನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂಬ ಸೂಚನೆ ಬರುತ್ತದೆ, ಗೋಣಿಚೀಲದಲ್ಲಿ ಸುತ್ತಿಕೊಂಡು ಸಾಲು ನಿಲ್ಲುತ್ತಾರೆ. ಆ ಸಾಲಿನಲ್ಲಿ ನಾನು ಹೆಂಗಸರನ್ನು ನೋಡಿಲ್ಲ. ಕಾರಣ ಸರಳ. ಬೆಳೆ ಕಾಯುವ ಲೈಸೆನ್ಸಿಗೆ ಪಹಣಿ ತೋರಿಸಬೇಕು, ಪಹಣಿಯಲ್ಲಿ ಅವಳ ಹೆಸರಿರುವುದಿಲ್ಲ. 2015–16ರ ಕೃಷಿ ಗಣತಿಯ ಪ್ರಕಾರ ಇಡೀ ದೇಶದ ಹಿಡುವಳಿದಾರರಲ್ಲಿ ಹೆಂಗಸರು ಸುಮಾರು ಶೇ 14. ಹೊಗೆಸೊಪ್ಪು ಕಟ್ಟುವವಳು ಅವಳು, ಬ್ಯಾರನ್ನಿನ ಒಲೆಗೆ ನಡುರಾತ್ರಿ ಸೌದೆ ಹಾಕುವವಳು ಅವಳು, ಬ್ಯಾರನ್ ಲೈಸೆನ್ಸು ಮಾತ್ರ ಹೆಚ್ಚಾಗಿ ಅವನ ಹೆಸರಿಗೆ. ಆಯುಧಪೂಜೆಯ ದಿನ ಕೋವಿ ಒರೆಸಿ ಅರಿಶಿನ ಕುಂಕುಮ ತಂದಿಡುವವಳೂ ಅವಳೇ.

ಕೋವಿಯ ಲೈಸೆನ್ಸುದಾರ ತೀರಿಕೊಂಡರೆ, ಅಥವಾ ಅವನಿಗೆ 70 ವರ್ಷ ತುಂಬಿದರೆ, ಅಥವಾ ಅವನು 25 ವರ್ಷ ಆ ಕೋವಿ ಇಟ್ಟುಕೊಂಡಿದ್ದರೆ ಅದನ್ನು ವಾರಸುದಾರರ ಹೆಸರಿಗೆ ಕೇಳಬಹುದು ಎಂದು 2016ರ ನಿಯಮಗಳು ಹೇಳುತ್ತವೆ. ಆ ವಾರಸುದಾರರ ಪಟ್ಟಿಯಲ್ಲಿ ಹೆಂಡತಿ ಇದ್ದಾಳೆ, ಮಗಳು ಇದ್ದಾಳೆ, ಸೊಸೆಯೂ ಇದ್ದಾಳೆ. ಮನೆಯಲ್ಲಿ ಮಾತುಕತೆ ನಡೆಯುವುದು ಮಾತ್ರ ದೊಡ್ಡ ಮಗನಿಗೋ ಚಿಕ್ಕ ಮಗನಿಗೋ ಎಂದು. ಹೆಂಡತಿಗೆ ಪಿಸ್ತೂಲು ಕೊಡಿಸಬೇಕೆಂಬ ಕಾಳಜಿ ನಿಜವಾದದ್ದಾದರೆ ಅವಳ ಹೆಸರಿಗೆ ಮೊದಲು ನಾಲ್ಕು ಗುಂಟೆ ಜಮೀನು ಬರೆಯಿರಿ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಮನೆಯ ಮಾತು. ಹೋದ ವರ್ಷ ನನ್ನ ಭಾವ ಈ ಪ್ರಶ್ನೆ ಕೇಳಿದರು. ಅವರದು ಶುಂಠಿ ವ್ಯಾಪಾರ, ಅವರ ಹೆಸರಿಗೆ ಒಂದು ಪಿಸ್ತೂಲು ಆಗಲೇ ಇದೆ. "ನೀನು ಎನ್‌ಸಿಸೀಲಿ ಹೊಡ್ದಿರೋಳು ಕಣಮ್ಮ, ನಿಮ್ಮಕ್ಕಂಗೆ ಯಾವ್ದಾದ್ರೂ ಸಣ್ಣದು ಹೇಳು" ಅಂದರು. "ಅಕ್ಕನ್ನ ಕೇಳಿದ್ರಾ ಭಾವ?" ಅಂದೆ. "ಅವಳಿಗೇನು ಗೊತ್ತಾಗುತ್ತೆ" ಅಂದರು. ಅಕ್ಕ ಒಳಗೆ ಅವರೆಕಾಯಿ ಸುಲಿಯುತ್ತಿದ್ದವಳು ಅಲ್ಲಿಂದಲೇ ಕೇಳಿದಳು: "ಅದನ್ನ ಬೀರುವಲ್ಲಿ ತಾನೇ ಇಡೋದು? ಬೀರು ಬೀಗದ ಕೈ ಯಾರ ಹತ್ರ ಇರುತ್ತೆ?" ಭಾವ ನಕ್ಕರು, ಉತ್ತರ ಹೇಳಲಿಲ್ಲ.

ಕೋವಿಯ ಬಗ್ಗೆ ನಾನು ಓದಿದ ಯಾವ ಪುಸ್ತಕಕ್ಕಿಂತಲೂ ಆ ಪ್ರಶ್ನೆ ದೊಡ್ಡದು. ಸುರಕ್ಷಿತವಾಗಿಡುವುದು ಎಂದರೆ ಪಿಸ್ತೂಲು ಖಾಲಿ ಮಾಡಿ, ತೋಟಾ ಬೇರೆ ಕಡೆ ಇಟ್ಟು, ಬೀಗ ಹಾಕುವುದು. ಹಾಗಿಟ್ಟ ಪಿಸ್ತೂಲು ಬಾಗಿಲು ಒಡೆಯುವವನು ಒಳಗೆ ಬರುವ ಹೊತ್ತಿಗೆ ಕೈಗೆ ಸಿಗುವುದಿಲ್ಲ. ಕೈಗೆ ಸಿಗುವ ಹಾಗೆ ದಿಂಬಿನ ಕೆಳಗಿಟ್ಟರೆ ಅದು ಮಕ್ಕಳ ಕೈಗೂ ಸಿಗುತ್ತದೆ, ಕುಡಿದು ಬಂದವನ ಕೈಗೂ ಸಿಗುತ್ತದೆ. ಬೀಗದ ಕೈ ಅವನ ಸೊಂಟದಲ್ಲಿದ್ದರೆ ಲೈಸೆನ್ಸು ಅವಳ ಹೆಸರಿಗಿದ್ದೂ ಪಿಸ್ತೂಲು ಅವನದೇ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ. ಹೆಂಡತಿಯ ಹೆಸರಿಗೆ ಇನ್ನೊಂದು ಎನ್ನುವಾಗ ಕೆಲವು ಮನೆಗಳಲ್ಲಿ ಆ ಲೆಕ್ಕವೂ ಇರುತ್ತದೆ ಎಂಬುದು ನನ್ನ ಅನುಮಾನ.

ಅವಳಿಗೆ ಅಪಾಯ ಯಾರಿಂದ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿ ನೋಡಿ. ಹೆಂಗಸರ ಮೇಲಿನ ಅಪರಾಧವೆಂದು ದಾಖಲಾದ 4,45,256 ಪ್ರಕರಣಗಳಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು, ಶೇ 31.4, ಗಂಡ ಅಥವಾ ಅವನ ಕಡೆಯವರ ಕ್ರೌರ್ಯದ್ದು. ನಾವು ಗೋಡೆ ಹಾರಿ ಬರುವವನನ್ನು ಊಹಿಸಿಕೊಂಡು ಪಿಸ್ತೂಲು ತರುತ್ತೇವೆ. ದಾಖಲೆ ತೋರಿಸುತ್ತಿರುವುದು ಬಾಗಿಲಿನಿಂದಲೇ ಒಳಗೆ ಬರುವವನನ್ನು. ಕೋವಿ ಸುಲಭವಾಗಿ ಸಿಗುವ ಅಮೆರಿಕದಲ್ಲಿ ಈ ಲೆಕ್ಕವನ್ನು ಇನ್ನೂ ನಿಖರವಾಗಿ ಮಾಡಿದ್ದಾರೆ. ಕ್ಯಾಲಿಫೋರ್ನಿಯಾದ ಒಂದು ಕೋಟಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ವಯಸ್ಕರನ್ನು 2004ರಿಂದ 2016ರವರೆಗೆ ಗಮನಿಸಿದ ಸ್ಟ್ಯಾನ್‌ಫರ್ಡ್ ಸಂಶೋಧಕರ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ತಮ್ಮಲ್ಲಿ ಪಿಸ್ತೂಲಿಲ್ಲದೆ, ಪಿಸ್ತೂಲಿರುವವರ ಜೊತೆ ಒಂದೇ ಮನೆಯಲ್ಲಿ ಬಾಳುವವರು, ಪಿಸ್ತೂಲೇ ಇಲ್ಲದ ಮನೆಯವರಿಗೆ ಹೋಲಿಸಿದರೆ, ಸಂಗಾತಿಯ ಗುಂಡಿಗೆ ಬಲಿಯಾಗುವ ಪ್ರಮಾಣ ಏಳು ಪಟ್ಟು ಹೆಚ್ಚಿತ್ತು. ಹಾಗೆ ಸತ್ತವರಲ್ಲಿ ಶೇ 84 ಹೆಂಗಸರು. ಅವರ ಮನೆಗಳಲ್ಲೂ ಎಷ್ಟೋ ಪಿಸ್ತೂಲುಗಳು ರಕ್ಷಣೆಯ ಹೆಸರಿನಲ್ಲೇ ಬಂದಿರುತ್ತವೆ.

ಇದನ್ನು ಅಮೆರಿಕದಿಂದಲೇ ಕಲಿಯಬೇಕಿಲ್ಲ. ನಮ್ಮ ಊರಿನ ಚರಿತ್ರೆಯಲ್ಲೇ ಇದೆ. ಪಿರಿಯಾಪಟ್ಟಣ ಚಂಗಾಳ್ವರ ರಾಜಧಾನಿಯಾಗಿತ್ತು. 17ನೇ ಶತಮಾನದ ನಡುಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಮೈಸೂರಿನ ಸೇನೆ ಕೋಟೆಗೆ ಮುತ್ತಿಗೆ ಹಾಕಿತು. ಗೆಲ್ಲುವ ಆಸೆ ಇಲ್ಲವೆಂದು ಕಂಡಾಗ ಅರಸ ವೀರರಾಜ ತನ್ನ ಹೆಂಡಿರನ್ನೂ ಮಕ್ಕಳನ್ನೂ ಕೊಂದು, ಆಮೇಲೆ ಕಾದಾಡಿ ಸತ್ತನೆಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಆ ಸಾಲಿನಲ್ಲಿ ವೀರರಾಜನ ಹೆಸರಿದೆ, ಹೆಂಡಿರ ಹೆಸರಿಲ್ಲ. ಈ ಕಥೆಯನ್ನು ನಾವು ಶೌರ್ಯದ ಕಥೆಯಾಗಿ ಹೇಳಿಕೊಂಡು ಬಂದಿದ್ದೇವೆ. ಆ ಅರಸನ ಮನಸ್ಸಿನಲ್ಲಿ ಅದೂ ರಕ್ಷಣೆಯೇ, ಶತ್ರುವಿನ ಕೈಗೆ ಸಿಗದ ಹಾಗೆ ಕಾಪಾಡುವುದೇ. ಆ ಹೆಂಗಸರನ್ನು ಒಂದು ಮಾತು ಕೇಳಿದ್ದರೆ ಅವರು ಏನು ಹೇಳುತ್ತಿದ್ದರೋ! ಕಾಡಿನ ದಾರಿ ಹಿಡಿದು ಕೊಡಗಿನ ಕಡೆ ಹೋಗುತ್ತೇವೆ ಎನ್ನುತ್ತಿದ್ದರೋ, ನಮಗೂ ಒಂದೊಂದು ಕತ್ತಿ ಕೊಡಿ ಎನ್ನುತ್ತಿದ್ದರೋ. ಹೆಂಡತಿಯ ರಕ್ಷಣೆಯ ಬಗ್ಗೆ ಅವಳನ್ನು ಬಿಟ್ಟು ತೀರ್ಮಾನ ಮಾಡುವ ಗಂಡನ ಕೈಯಲ್ಲಿ ಆಯುಧವಿದ್ದರೆ ಅದು ಎತ್ತ ತಿರುಗುತ್ತದೆ ಎಂಬುದಕ್ಕೆ ನಮ್ಮೂರ ಕೋಟೆಗಿಂತ ಹತ್ತಿರದ ಸಾಕ್ಷಿ ನನಗೆ ಬೇಕಿಲ್ಲ.

ಇಲ್ಲಿಗೆ ಬಂದಾಗ ಒಂದು ಆಕ್ಷೇಪ ಖಂಡಿತ ಬರುತ್ತದೆ: ಹಾಗಾದರೆ ಹೆಂಗಸರು ಕೋವಿ ಮುಟ್ಟಲೇಬಾರದು ಅಂತೀರಾ? ಓಬವ್ವನ ನಾಡಿನವರು ನಾವು!

ಓಬವ್ವನನ್ನು ನೆನೆಯಿರಿ, ಸರಿಯಾಗಿ ನೆನೆಯಿರಿ. ಚಿತ್ರದುರ್ಗದ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವಾಗ ಕಾವಲಿನ ಗಂಡ ಊಟಕ್ಕೆ ಕೂತಿದ್ದ. ಅವಳು ಅವನನ್ನು ಕರೆಯಲಿಲ್ಲ, ಅವನ ಆಯುಧ ಹುಡುಕಲಿಲ್ಲ. ಒನಕೆ ತೆಗೆದುಕೊಂಡಳು. ಭತ್ತ ಕುಟ್ಟಿ ಕುಟ್ಟಿ ಅದರ ತೂಕ, ಅದರ ಏಟು, ಅದರ ಲಯ ಅವಳ ತೋಳಿಗೆ ಗೊತ್ತಿತ್ತು. ಒನಕೆ ಹಗುರವೂ ಅಲ್ಲ, ಸಣ್ಣದೂ ಅಲ್ಲ, ಹೆಂಗಸರಿಗೆಂದು ಯಾರೋ ತಯಾರಿಸಿದ ವಿಶೇಷ ಆಯುಧವೂ ಅಲ್ಲ. ಅವಳ ಕೈ ಪಳಗಿದ ವಸ್ತು ಅದು. ಪಿಸ್ತೂಲಿನ ಬಗ್ಗೆ ನಾನು ಮೇಲೆ ಹೇಳಿದ್ದೆಲ್ಲ ಇದೇ.

ಕೊಡಗಿನ ಮಾತೂ ಬರುತ್ತದೆ, ನಮ್ಮ ತಾಲ್ಲೂಕು ದಾಟಿದರೆ ಕೊಡಗೇ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡವೆಂಬ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಹೆಂಗಸರನ್ನು ನೋಡಿದವರು 'ಹೆಂಗಸರ ಕೋವಿ' ಎಂಬ ಮಾತಿಗೆ ನಗುತ್ತಾರೆ. ಅವರ ಹೆಗಲಿನಲ್ಲಿರುವುದು ಮನೆಯ ಗಂಡಸರು ಹಿಡಿಯುವಂಥದ್ದೇ ಕೋವಿ. ಆ ಕೋವಿಯ ಹಕ್ಕು ಅವಳಿಗೆ ಬಂದಿರುವುದು ಹುಟ್ಟಿನಿಂದ, ಗಂಡನ ಉಡುಗೊರೆಯಿಂದಲ್ಲ. ಗಂಡುಮಗು ಹುಟ್ಟಿದರೆ ಗುಂಡು ಹಾರಿಸುವ ವಾಡಿಕೆಯ ನಾಡು ಅದು, ಅಲ್ಲಿಯೂ ಕೇಳಬೇಕಾದ ಪ್ರಶ್ನೆಗಳಿವೆ. ಆದರೆ ಚಿಕ್ಕಂದಿನಿಂದ ಕೋವಿ ನೋಡಿ, ಎತ್ತಿ, ಹೊಡೆದು ಬೆಳೆದವಳಿಗೂ, ಮದುವೆಯಾಗಿ ಹತ್ತು ವರ್ಷಕ್ಕೆ ಒಂದು ಸಂಜೆ ಡಬ್ಬಿ ತೆರೆದು 'ಇದು ನಿನ್ನದು' ಎನಿಸಿಕೊಂಡವಳಿಗೂ ಇರುವ ವ್ಯತ್ಯಾಸವನ್ನು ಯಾರಾದರೂ ಕಾಣಬಹುದು.

ಇನ್ನೊಂದು ಆಕ್ಷೇಪ: ತೋಟದ ಒಂಟಿ ಮನೆ, ಆನೆ ಬರುತ್ತದೆ, ಕಳ್ಳ ಬರುತ್ತಾನೆ, ಏನು ಮಾಡಬೇಕು? ಆನೆಗೆ ಪಿಸ್ತೂಲು ಏನೂ ಅಲ್ಲ. ಗಾಯಗೊಂಡ ಆನೆ ಇನ್ನೂ ಅಪಾಯ, ಆನೆಗೆ ಗುಂಡು ಹೊಡೆಯುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಗಂಭೀರ ಅಪರಾಧ. ಕಳ್ಳನ ವಿಷಯಕ್ಕೆ ಅವಳನ್ನೇ ಕೇಳಿ. ನಾನು ಊರಿನಲ್ಲಿ ಹತ್ತಾರು ಹೆಂಗಸರನ್ನು ಕೇಳಿದ್ದೇನೆ. ಬ್ಯಾರನ್ ಹತ್ತಿರ ಒಂದು ಒಳ್ಳೆ ಲೈಟು, ಸಿಗ್ನಲ್ ಸಿಗುವ ಫೋನು, 112ಕ್ಕೆ ಕರೆ ಮಾಡಿದರೆ ಬರುವ ಪೊಲೀಸರು, ಒಳಗಿನಿಂದ ಹಾಕಿಕೊಳ್ಳುವ ಗಟ್ಟಿ ಚಿಲಕ, ಮನೆಗೇ ಕಟ್ಟಿದ ಬಚ್ಚಲು ಮತ್ತು ಕಕ್ಕಸು, ರಾತ್ರಿ ಜೊತೆಗಿರುವ ಇನ್ನೊಬ್ಬ ಹೆಂಗಸು, ಓಡಾಡಲು ಒಂದು ಸ್ಕೂಟರ್ ಮತ್ತು ಅದರ ಲೈಸೆನ್ಸು. ಪಿಸ್ತೂಲು ಎಂದವರು ಒಬ್ಬರೂ ಇಲ್ಲ. ನಾಳೆ ಯಾರಾದರೂ ಹೇಳಬಹುದು, ಹೇಳಲಿ. ಆಗ ಅದು ಅವಳ ಬೇಡಿಕೆಯಾಗಿರುತ್ತದೆ, ಅದಕ್ಕೆ ನಾವು ಜೊತೆ ನಿಲ್ಲಬೇಕು.

ಹಾಗಾಗಿ ಹೆಂಡತಿಗೆ ಮೊದಲ ಪಿಸ್ತೂಲು ಹುಡುಕುತ್ತಿರುವ ಗಂಡಂದಿರಿಗೆ ನನ್ನ ಉತ್ತರ ಇಷ್ಟು. ಅಂಗಡಿಗೆ ಹೋಗಬೇಡಿ. ಬೇಕೋ ಬೇಡವೋ ಎಂದು ಅವಳನ್ನು ಕೇಳಿ, ಬೇಡ ಎಂದರೆ ಆ ಮಾತು ಅಲ್ಲಿಗೇ ಬಿಡಿ. ಬೇಕು ಎಂದರೆ ರೇಂಜಿಗೆ ಹೋಗುವುದಕ್ಕೆ ಅವಳಿಗೆ ವಾರಕ್ಕೆ ಎರಡು ದಿನ ಬಿಡುವು ಮಾಡಿಕೊಡಿ, ಆ ದಿನಗಳಲ್ಲಿ ಅಡುಗೆ ನೀವು ಮಾಡಿ. ಆರು ತಿಂಗಳು ಹೊಡೆಯಲಿ. ಆಮೇಲೆ ಅವಳೇ ನಾಲ್ಕು ಪಿಸ್ತೂಲು ಹಿಡಿದು ನೋಡಿ ಒಂದನ್ನು ಆರಿಸಲಿ, ಅವಳೇ ಅರ್ಜಿ ಬರೆಯಲಿ, ಅವಳೇ ಸಹಿ ಹಾಕಲಿ. ಅದು ನಿಮ್ಮ ಕಣ್ಣಿಗೆ ದೊಡ್ಡದಾಗಿ, ಭಾರವಾಗಿ, ಹೆಂಗಸರಿಗೆ ಒಪ್ಪದ ಹಾಗೆ ಕಂಡರೆ ಸುಮ್ಮನಿರಿ. ಮನೆಗೆ ತಂದ ದಿನ ಬೀರುವಿನ ಬೀಗದ ಕೈಯನ್ನು ಅವಳಿಗೆ ಕೊಡಿ. ಅದನ್ನು ಕೊಡುವುದಕ್ಕೆ ಕೈ ಬರದಿದ್ದರೆ ಪಿಸ್ತೂಲಿನ ಮಾತನ್ನು ಇನ್ನೊಂದು ಸಲ ಎತ್ತಬೇಡಿ.